ಹಾಡುವಾಗ ಚಿಂತೆ ಎಲ್ಲಿ ಹೋಗುತ್ತದೆ?

ಚಿತೆಗೂ ಚಿಂತೆಗೂ ನಡುವೆ ಇರುವುದು ಒಂದು ಸೊನ್ನೆ ಮಾತ್ರ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಚಿತೆಯು ಸತ್ತವರನ್ನು ಸುಡುವುದಾದರೆ ಚಿಂತೆಯು ಬದುಕಿರುವವರನ್ನೇ ಸುಡುವುದೆಂಬುದು ಆ ಮಾತಿನ ಇಂಗಿತ. ಪರೀಕ್ಷೆಯ ಫಲಿತಾಂಶಕ್ಕಾಗಿ ಕಾದಿರುವ ವಿದ್ಯಾರ್ಥಿ, ಸಾಲದ ಕಂತನ್ನು ಹೊಂದಿಸಲಾರದ ಗೃಹಸ್ಥ, ಕೊಲ್ಲಿ ರಾಷ್ಟ್ರದಲ್ಲಿ ದುಡಿಯುವ ಮಗನಿಂದ ಎರಡು ದಿನ ಸುದ್ದಿ ಬಾರದಿದ್ದರೆ ನಿದ್ದೆಗೆಡುವ ತಾಯಿ, ಆಸ್ಪತ್ರೆಯ ಮೊಗಸಾಲೆಯಲ್ಲಿ ವೈದ್ಯರ ಬರವನ್ನು ಎದುರುನೋಡುವ ಬಂಧುಗಳು, ಇವರೆಲ್ಲ ಮಂಗಳೂರಿನಂಥ ನಗರದಲ್ಲಿ ನಾವು ದಿನವೂ ಕಾಣುವವರೇ. ಕಾಲೇಜುಗಳೂ ಬ್ಯಾಂಕುಗಳೂ ಆಸ್ಪತ್ರೆಗಳೂ ಹೇರಳವಾಗಿರುವ ಈ ಊರಿನಲ್ಲಿ ಚಿಂತೆಯ ಕಾರಣಗಳಿಗೂ ಕೊರತೆಯಿಲ್ಲ.

ಇದೇ ಊರಿನಲ್ಲಿ ಇನ್ನೊಂದು ಸಂಗತಿಯನ್ನೂ ನೋಡಬಹುದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಯಾವುದಾದರೊಂದು ಭಜನಾ ಮಂದಿರದಿಂದ ತಾಳದ ಸದ್ದು ಕೇಳಿಬರುತ್ತದೆ. ಕ್ರೈಸ್ತರ ಮನೆಗಳಲ್ಲಿ ಕುಟುಂಬದವರು ಒಟ್ಟಿಗೆ ಸೇರಿ, ಕೊಂಕಣಿಯಲ್ಲಿ ‘ತೇರ್ಸ್’ ಎಂದು ಕರೆಯುವ ಜಪಸರದ ಪ್ರಾರ್ಥನೆಯನ್ನು ಹೇಳುತ್ತಾರೆ. ಮದುವೆ ಹಬ್ಬಗಳಲ್ಲಿ ಗುಮಟೆ ಬಾರಿಸಿ ಹಾಡುತ್ತಾರೆ. ಬ್ಯಾರಿ ಮುಸಲ್ಮಾನರಲ್ಲಿ ದಫ್ ಬಾರಿಸುತ್ತ ಹಾಡುವ ಪದ್ಧತಿಯುಂಟು. ನಗರದ ಸುತ್ತಲಿನ ಗದ್ದೆಗಳಲ್ಲಿ ನೇಜಿ ನೆಡುವಾಗ ತುಳು ಹೆಂಗಸರು ಪಾಡ್ದನ ಹೇಳುತ್ತಿದ್ದುದನ್ನು ಹಳಬರು ಬಲ್ಲರು. ಇವರಲ್ಲಿ ಯಾರೂ ಚಿಂತೆಗೆ ಚಿಕಿತ್ಸೆಯೆಂದು ಹಾಡಿದವರಲ್ಲ. ಆದರೂ ಹಾಡಿ ಎದ್ದ ಬಳಿಕ ‘ಮನಸ್ಸು ಹಗುರಾಯಿತು’ ಎಂಬ ಮಾತು ಎಲ್ಲರ ಬಾಯಿಂದಲೂ ಬರುವುದುಂಟು. ಈ ಹಗುರವೆಂಬುದು ಬರಿಯ ಭಾವನೆಯೇ, ಅಥವಾ ದೇಹದಲ್ಲಿಯೂ ಮಿದುಳಿನಲ್ಲಿಯೂ ನಿಜವಾಗಿ ಏನಾದರೂ ಬದಲಾಗುವುದೇ? ಬದಲಾಗುವುದಾದರೆ ಯಾವ ಬಗೆಯ ಸಂಗೀತದಿಂದ, ಎಷ್ಟರ ಮಟ್ಟಿಗೆ? ಈ ಪ್ರಶ್ನೆಗಳಿಗೆ ಮನಶ್ಶಾಸ್ತ್ರವೂ ಶರೀರಶಾಸ್ತ್ರವೂ ಕಂಡುಕೊಂಡಿರುವ ಉತ್ತರಗಳನ್ನು ಇಲ್ಲಿ ವಿಚಾರಿಸೋಣ.

ಯೋಚನೆ ಬೇರೆ, ಚಿಂತೆ ಬೇರೆ

ಮೊದಲಿಗೆ ಯೋಚನೆಗೂ ಚಿಂತೆಗೂ ಇರುವ ಭೇದವನ್ನು ತಿಳಿಯಬೇಕು. ಮಳೆಗಾಲಕ್ಕೆ ಮುಂಚೆ ಮಾಡನ್ನು ಪರೀಕ್ಷಿಸಿ, ಒಡೆದ ಹಂಚುಗಳನ್ನು ಎಣಿಸಿ, ಹೊಸ ಹಂಚು ತರಿಸುವವನು ಯೋಚನೆ ಮಾಡಿದವನು. ಹಂಚನ್ನು ತರಿಸದೆ, ‘ಸೋರಿದರೆ? ಗೋಡೆ ನೆನೆದು ಕುಸಿದರೆ? ಮಕ್ಕಳು ಒಳಗಿದ್ದರೆ?’ ಎಂದು ಹಾಸಿಗೆಯಲ್ಲಿ ಹೊರಳುವವನು ಚಿಂತೆ ಮಾಡುವವನು. ಯೋಚನೆಗೆ ಒಂದು ಕೊನೆಯುಂಟು. ಅದು ಒಂದು ನಿರ್ಧಾರವನ್ನು ತಲಪಿ ನಿಲ್ಲುತ್ತದೆ. ಚಿಂತೆಯಾದರೋ ಗಾಣದ ಎತ್ತಿನಂತೆ ಸುತ್ತಿದಲ್ಲಿಯೇ ಸುತ್ತುತ್ತದೆ. ದಾರಿ ಸವೆಯುವುದಿಲ್ಲ, ಎತ್ತು ದಣಿಯುತ್ತದೆ.

ಈ ದಣಿವು ಕೇವಲ ಮನಸ್ಸಿನದಲ್ಲ. ಅಪಾಯ ಎದುರಾದಾಗ ಪ್ರಾಣಿಗಳ ದೇಹವು ಹೋರಾಡುವುದಕ್ಕೋ ಓಡಿಹೋಗುವುದಕ್ಕೋ ಸಿದ್ಧವಾಗುವ ಬಗೆಯನ್ನು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ೧೯೧೫ರಲ್ಲಿ ವಿವರಿಸಿದನು. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಹೃದಯದ ಬಡಿತ ಏರುತ್ತದೆ, ಉಸಿರು ಚಿಕ್ಕದಾಗಿ ಬಿರುಸಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಜೀರ್ಣಕ್ರಿಯೆ ಮಂದವಾಗುತ್ತದೆ. ಸ್ವಲ್ಪ ಹೊತ್ತಿನ ಬಳಿಕ ಅದೇ ಗ್ರಂಥಿಗಳಿಂದ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಹೊರಟು, ದೇಹವನ್ನು ಎಚ್ಚರದ ಸ್ಥಿತಿಯಲ್ಲಿ ಹಿಡಿದಿಡುತ್ತದೆ. ಎದುರಿಗೆ ಹುಲಿ ನಿಂತಿದ್ದರೆ ಇದೆಲ್ಲ ಪ್ರಾಣ ಉಳಿಸುವ ಏರ್ಪಾಡು. ಆದರೆ ನಮ್ಮ ದೇಹವು ಎದುರಿಗಿರುವ ಹುಲಿಗೂ ಮುಂದಿನ ತಿಂಗಳ ಕಂತಿಗೂ ಹೆಚ್ಚಿನ ಭೇದವೆಣಿಸುವುದಿಲ್ಲ. ಹುಲಿ ಹೊರಟುಹೋಗುತ್ತದೆ, ಚಿಂತೆ ಹೋಗುವುದಿಲ್ಲ. ತಾತ್ಕಾಲಿಕವಾಗಿ ಇರಬೇಕಾದ ಸಿದ್ಧತೆ ದಿನಗಟ್ಟಲೆ ಮುಂದುವರಿದು ನಿದ್ರೆ, ಹಸಿವು, ರಕ್ತದ ಒತ್ತಡ ಮೊದಲಾದುವುಗಳನ್ನು ಕೆಡಿಸುತ್ತದೆ.

ದೂಡಿದರೆ ಹೋಗದ ಅತಿಥಿ

‘ಚಿಂತೆ ಮಾಡಬೇಡ’ ಎಂಬುದು ನಾವು ಒಬ್ಬರಿಗೊಬ್ಬರು ಧಾರಾಳವಾಗಿ ಕೊಡುವ ಉಪದೇಶ. ಈ ಉಪದೇಶ ಏಕೆ ಫಲಿಸುವುದಿಲ್ಲವೆಂಬುದನ್ನು ಡೇನಿಯಲ್ ವೆಗ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನೂ ಅವನ ಸಂಗಡಿಗರೂ ೧೯೮೭ರಲ್ಲಿ ಪ್ರಕಟಿಸಿದ ಒಂದು ಸರಳ ಪ್ರಯೋಗದಿಂದ ತೋರಿಸಿದರು. ಕೆಲವು ವಿದ್ಯಾರ್ಥಿಗಳಿಗೆ, ‘ಐದು ನಿಮಿಷಗಳವರೆಗೆ ಮನಸ್ಸಿಗೆ ಬಂದುದನ್ನೆಲ್ಲ ಹೇಳುತ್ತಿರಿ, ಆದರೆ ಬಿಳಿಯ ಕರಡಿಯನ್ನು ಮಾತ್ರ ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ’ ಎಂದು ತಿಳಿಸಲಾಯಿತು. ಗಂಟೆ ಮತ್ತೆ ಮತ್ತೆ ಬಾರಿಸಿತು. ಅಷ್ಟೇ ಅಲ್ಲ, ಆ ಬಳಿಕ ‘ಈಗ ಕರಡಿಯನ್ನು ನೆನೆಯಬಹುದು’ ಎಂದು ಅನುಮತಿ ಕೊಟ್ಟಾಗ, ಮೊದಲು ತಡೆಹಿಡಿದಿದ್ದವರಲ್ಲಿ ಕರಡಿಯ ನೆನಪು ಮೊದಲಿನಿಂದಲೇ ಅನುಮತಿ ಪಡೆದಿದ್ದವರಿಗಿಂತ ಹೆಚ್ಚಾಗಿಯೇ ಉಕ್ಕಿಬಂದಿತು.

ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಒಬ್ಬನು ಒಳಗೆ ಬಾರದಂತೆ ನೋಡಿಕೊಳ್ಳಬೇಕಾದರೆ ಬಾಗಿಲಲ್ಲಿ ಕಾವಲುಗಾರನನ್ನು ನಿಲ್ಲಿಸಬೇಕು. ಕಾವಲುಗಾರನಿಗೆ ಬಂದವನ ಗುರುತು ತಿಳಿಯಬೇಕಾದರೆ ಅವನ ಮುಖವನ್ನು ಸದಾ ನೆನಪಿನಲ್ಲಿ ಇಟ್ಟುಕೊಂಡಿರಬೇಕು. ಹೀಗೆ ಚಿಂತೆಯನ್ನು ತಡೆಯುವ ಪ್ರಯತ್ನವೇ ಚಿಂತೆಯ ನೆನಪನ್ನು ಜೀವಂತವಾಗಿಡುತ್ತದೆ. ಆದುದರಿಂದ ಚಿಂತೆಯನ್ನು ದೂಡುವುದು ಉಪಾಯವಲ್ಲ; ಅದು ಕುಳಿತಿರುವ ಪೀಠದಲ್ಲಿ ಬೇರೊಂದನ್ನು ಕೂರಿಸುವುದೇ ಉಪಾಯ. ಹಾಗಾದರೆ ಆ ಪೀಠ ಯಾವುದು?

ಚಿಂತೆ ಮಾತನಾಡುತ್ತದೆ

ಚಿಂತಿಸುವಾಗ ಮನಸ್ಸಿನೊಳಗೆ ಏನು ನಡೆಯುತ್ತದೆಂದು ನಾವೇ ಗಮನಿಸಿ ನೋಡಬಹುದು. ಒಳಗೆ ಯಾರೋ ಮಾತನಾಡುತ್ತಿರುವಂತೆ ಇರುತ್ತದೆ: ‘ಅವರು ಹೀಗೆಂದರೆ ನಾನು ಏನು ಹೇಳಲಿ? ಹಾಗಾದರೆ ಏನು ಗತಿ?’ ಅಮೆರಿಕದ ಥಾಮಸ್ ಬೋರ್ಕೊವೆಕ್ ಎಂಬ ಮನಶ್ಶಾಸ್ತ್ರಜ್ಞನು ತನ್ನ ಸಹೋದ್ಯೋಗಿಯೊಡನೆ ೧೯೯೦ರಲ್ಲಿ ಇದನ್ನೇ ಪರೀಕ್ಷಿಸಿದನು. ಜನರು ವಿಶ್ರಾಂತಿಯಲ್ಲಿರುವಾಗ ಅವರ ಮನಸ್ಸಿನಲ್ಲಿ ಚಿತ್ರಗಳು ಹೆಚ್ಚಾಗಿ ಮೂಡುತ್ತವೆ. ಚಿಂತೆಗೆ ತೊಡಗಿದೊಡನೆ ಚಿತ್ರಗಳು ಹಿಂದೆ ಸರಿದು ಮಾತುಗಳು ಮುಂದೆ ಬರುತ್ತವೆ. ಅಂದರೆ ಚಿಂತೆಯೆಂಬುದು ಬಹುಮಟ್ಟಿಗೆ ಒಳನುಡಿ, ಶಬ್ದವಿಲ್ಲದ ಭಾಷಣ.

ಈ ಒಳನುಡಿಗೆ ಮಿದುಳಿನಲ್ಲಿ ಸ್ಥಳಾವಕಾಶ ಬಹಳ ಕಡಿಮೆ. ಬ್ರಿಟನ್ನಿನ ಅಲನ್ ಬ್ಯಾಡ್ಲೀ ಮತ್ತು ಗ್ರಹಾಂ ಹಿಚ್ ಎಂಬ ಇಬ್ಬರು ೧೯೭೪ರಲ್ಲಿ ‘ಕಾರ್ಯನಿರತ ಸ್ಮೃತಿ’ ಎಂಬ ಕಲ್ಪನೆಯನ್ನು ಮುಂದಿಟ್ಟರು. ಅಂಗಡಿಯಲ್ಲಿ ಲೆಕ್ಕ ಕೂಡಿಸುವಾಗ, ಕೇಳಿದ ದೂರವಾಣಿ ಸಂಖ್ಯೆಯನ್ನು ಬರೆದುಕೊಳ್ಳುವವರೆಗೆ ಹಿಡಿದಿಡುವಾಗ ನಾವು ಬಳಸುವ ಸ್ಮೃತಿಯಿದು. ಇದರಲ್ಲಿ ಧ್ವನಿಗಳಿಗೆ ಮೀಸಲಾದ ಭಾಗವು ಸುಮಾರು ಎರಡು ಸೆಕೆಂಡುಗಳಲ್ಲಿ ಆಡಿ ಮುಗಿಸಬಹುದಾದಷ್ಟು ಮಾತನ್ನು ಮಾತ್ರ ಹಿಡಿಯಬಲ್ಲುದು. ಹೆಚ್ಚು ಹೊತ್ತು ಉಳಿಯಬೇಕಾದರೆ ಅದನ್ನೇ ಮತ್ತೆ ಮತ್ತೆ ಒಳಗೆ ಹೇಳಿಕೊಳ್ಳುತ್ತಿರಬೇಕು. ಇದನ್ನು ಮಕ್ಕಳ ಸ್ಲೇಟಿಗೆ ಹೋಲಿಸಬಹುದು. ಸ್ಲೇಟು ಚಿಕ್ಕದು, ಅದರ ತುಂಬ ಒಂದನ್ನು ಬರೆದರೆ ಇನ್ನೊಂದಕ್ಕೆ ಎಡೆಯಿಲ್ಲ.

ಚಿಂತೆಯು ಈ ಸ್ಲೇಟಿನ ಮೇಲೆಯೇ ಬರೆಯುತ್ತದೆ. ಆದುದರಿಂದ ಸ್ಲೇಟನ್ನು ಬೇರೆ ಕೆಲಸಕ್ಕೆ ತೆಗೆದುಕೊಂಡರೆ ಚಿಂತೆಗೆ ತಡೆಯುಂಟಾಗಬೇಕಷ್ಟೆ. ಆಸ್ಟ್ರೇಲಿಯದ ರೊನಾಲ್ಡ್ ರೇಪೀ ೧೯೯೩ರಲ್ಲಿ ನಡೆಸಿದ ಪ್ರಯೋಗಗಳು ಇಲ್ಲಿ ಗಮನಾರ್ಹವಾದ ಒಂದು ಸೂಕ್ಷ್ಮವನ್ನು ತೋರಿಸಿವೆ. ಒಂದೇ ಪದವನ್ನು ಯಂತ್ರದಂತೆ ಉಚ್ಚರಿಸುತ್ತಿರುವುದಕ್ಕಿಂತ, ಅಕ್ಷರಗಳನ್ನು ಯಾವ ಕ್ರಮಕ್ಕೂ ಸಿಗದಂತೆ ಆರಿಸಿ ಆರಿಸಿ ಹೇಳುವ ಕೆಲಸವು ಚಿಂತೆಗೆ ಹೆಚ್ಚು ಅಡ್ಡಿಯಾಗುತ್ತದೆ. ನಾಲಗೆ ದುಡಿದರೆ ಸಾಲದು, ಗಮನವೂ ದುಡಿಯಬೇಕು. ಬಾಯಿಪಾಠವಾದುದನ್ನು ಗುನುಗುನಿಸುತ್ತ ಮನಸ್ಸಿನಲ್ಲಿ ಬೇರೆಯದನ್ನೇ ಲೆಕ್ಕ ಹಾಕುವುದು ಸಾಧ್ಯವೆಂಬುದು ನಮ್ಮೆಲ್ಲರ ಅನುಭವವೂ ಅಲ್ಲವೇ?

ಈಗ ಸಂಗೀತ ಕಲಿಯುವವನ ಕೆಲಸವನ್ನು ನೋಡಿರಿ. ಮಾಯಾಮಾಳವಗೌಳದ ಸರಳೆಯನ್ನು ಹಾಡುವ ಎಳೆಯನು ಕಿವಿಯಿಂದ ಶ್ರುತಿಯನ್ನು ಹಿಡಿಯಬೇಕು. ತನ್ನ ಕಂಠ ಅದಕ್ಕೆ ಸೇರಿತೇ ಎಂದು ಅಳೆಯಬೇಕು. ಕೈಯಿಂದ ಆದಿತಾಳದ ಎಂಟು ಅಕ್ಷರಗಳನ್ನು ಎಣಿಸಬೇಕು. ಮುಂದಿನ ಸ್ವರವನ್ನು ಮೊದಲೇ ನೆನೆದಿರಬೇಕು. ಭಜನೆಯಲ್ಲಿ ಮುಂದಾಳು ಒಂದು ಸಾಲನ್ನು ಹಾಡುತ್ತಾನೆ. ಉಳಿದವರು ಅದನ್ನು ಕೇಳಿ, ಹಿಡಿದು, ಅದೇ ಕಾಲಪ್ರಮಾಣದಲ್ಲಿ ತಿರುಗಿ ಹೇಳಬೇಕು. ಸಾಲು ತಪ್ಪಿದರೆ ತಾಳ ಕಾಯುವುದಿಲ್ಲ. ತುಳುನಾಡಿನಲ್ಲಿ ಈಗ ಬಹಳ ಪ್ರಚಾರದಲ್ಲಿರುವ ಕುಣಿತ ಭಜನೆಯಲ್ಲಿ ಕಾಲುಗಳಿಗೂ ಕೆಲಸವುಂಟು. ಹೀಗೆ ನಾಲಗೆ, ಕಿವಿ, ಕೈ, ಗಮನ ಎಲ್ಲವನ್ನೂ ಒಂದೇ ಕ್ಷಣಕ್ಕೆ ಕಟ್ಟಿಹಾಕುವ ಉದ್ಯೋಗಗಳು ವಿರಳ. ಚಿಂತೆಯು ಯಾವಾಗಲೂ ನಾಳೆಯ ವಿಷಯ. ತಾಳವು ಯಾವಾಗಲೂ ಈ ಕ್ಷಣದ ವಿಷಯ. ಹಾಡುವವನು ಚಿಂತೆಯನ್ನು ಓಡಿಸುವುದಿಲ್ಲ; ಅದಕ್ಕೆ ಬರೆಯಲು ಸ್ಲೇಟು ಸಿಕ್ಕುವುದಿಲ್ಲ, ಅಷ್ಟೆ.

ಉಸಿರಿನ ಪಾತ್ರ

ಇದು ಮನಸ್ಸಿನ ಕಥೆಯಾಯಿತು. ದೇಹದ ಕಥೆಯೂ ಇಷ್ಟೇ ಸ್ವಾರಸ್ಯವಾದುದು. ನಮ್ಮ ಹೃದಯ, ಕರುಳು ಮೊದಲಾದ ಅಂಗಗಳನ್ನು ನಾವು ಇಚ್ಛೆಯಿಂದ ಆಳಲಾರೆವು. ಸ್ವಯಂಚಾಲಿತ ನರಮಂಡಲವು ಅವುಗಳನ್ನು ನಡೆಸುತ್ತದೆ. ಅದರ ಒಂದು ಶಾಖೆ ದೇಹವನ್ನು ಕೆರಳಿಸುವುದು, ಇನ್ನೊಂದು ಶಾಂತಗೊಳಿಸುವುದು. ಶಾಂತಗೊಳಿಸುವ ಶಾಖೆಯ ಮುಖ್ಯ ನರವೇ ಮಿದುಳಿನ ಬುಡದಿಂದ ಹೊರಟು ಹೃದಯವನ್ನೂ ಹೊಟ್ಟೆಯನ್ನೂ ಸೇರುವ ವೇಗಸ್ ನರ. ಉಸಿರನ್ನು ಒಳಗೆಳೆದುಕೊಳ್ಳುವಾಗ ಈ ನರದ ಹಿಡಿತ ಸಡಿಲವಾಗಿ ಹೃದಯವು ತುಸು ಬೇಗ ಬಡಿಯುತ್ತದೆ. ಉಸಿರನ್ನು ಹೊರಬಿಡುವಾಗ ಹಿಡಿತ ಬಿಗಿದು ಹೃದಯದ ವೇಗ ತಗ್ಗುತ್ತದೆ. ತಾನಾಗಿಯೇ ನಡೆಯುತ್ತಿದ್ದರೂ ನಮ್ಮ ಇಚ್ಛೆಗೂ ಬಗ್ಗುವ ಕಾರ್ಯ ಉಸಿರಾಟ. ಅದನ್ನು ಹಿಡಿದು ಹೃದಯದ ಬಾಗಿಲನ್ನು ತಟ್ಟಬಹುದು.

ಹಾಡುವುದೆಂದರೆ ಬೇಗನೆ ಉಸಿರನ್ನು ಎಳೆದುಕೊಂಡು ಬಹಳ ನಿಧಾನವಾಗಿ ಬಿಡುವುದೇ ಆಗಿದೆ. ವಿಶ್ರಾಂತಿಯಲ್ಲಿರುವ ವಯಸ್ಕನು ನಿಮಿಷಕ್ಕೆ ಸುಮಾರು ೧೨ರಿಂದ ೧೮ ಸಲ ಉಸಿರಾಡುತ್ತಾನೆ. ಇಟಲಿಯ ಲೂಸಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು ೨೩ ಮಂದಿ ಆರೋಗ್ಯವಂತರ ಮೇಲೆ ನಡೆಸಿ ೨೦೦೧ರಲ್ಲಿ ಪ್ರಕಟಿಸಿದ ಅಧ್ಯಯನವು ಮಂಗಳೂರಿನವರಿಗೆ ವಿಶೇಷವಾಗಿ ರುಚಿಸತಕ್ಕದ್ದು. ಅವರು ಒಂದು ಕಡೆ ಜಪಸರದ ಮರಿಯಮ್ಮನ ಪ್ರಾರ್ಥನೆಯನ್ನು ಲ್ಯಾಟಿನ್ ಭಾಷೆಯಲ್ಲಿಯೂ, ಇನ್ನೊಂದು ಕಡೆ ಒಂದು ಯೋಗಮಂತ್ರವನ್ನೂ ಹೇಳಿಸಿ ಅಳತೆ ಮಾಡಿದರು. ಎರಡರಲ್ಲಿಯೂ ಉಸಿರಾಟವು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಈ ಗತಿಯು ರಕ್ತದ ಒತ್ತಡದಲ್ಲಿ ಸಹಜವಾಗಿಯೇ ಏಳುಬೀಳುವ ನಿಧಾನವಾದ ಅಲೆಗಳೊಡನೆ ಹೊಂದಿಕೊಂಡು, ಹೃದಯವನ್ನು ಹತೋಟಿಯಲ್ಲಿಡುವ ನರಗಳ ಕೆಲಸವನ್ನು ಹದಗೊಳಿಸುತ್ತದೆ. ತೇರ್ಸ್ ಹೇಳುವ ಮನೆಗೂ ಮಂತ್ರ ಹೇಳುವ ಮನೆಗೂ ನಡುವೆ ಭಾಷೆಯ, ನಂಬಿಕೆಯ ಭೇದವೆಷ್ಟೇ ಇರಲಿ, ಶ್ವಾಸಕೋಶದ ಮಟ್ಟಿಗೆ ಎರಡೂ ಒಂದೇ ಪಾಠವನ್ನು ಹೇಳುತ್ತಿವೆ.

ಊದುವ ವಾದ್ಯಗಳಲ್ಲಿ ಈ ಉಸಿರಿನ ಹಿಡಿತ ಇನ್ನೂ ಹೆಚ್ಚು. ಬೆಲ್ಜಿಯಮಿನ ಅಡಾಲ್ಫ್ ಸ್ಯಾಕ್ಸ್ ರೂಪಿಸಿ ೧೮೪೬ರಲ್ಲಿ ಹಕ್ಕುಪತ್ರ ಪಡೆದ ಸ್ಯಾಕ್ಸೊಫೋನ್ ಇಂದು ಕರಾವಳಿಯ ಮದುವೆ, ಉತ್ಸವಗಳಲ್ಲಿ ನಾಗಸ್ವರದ ಪಕ್ಕದಲ್ಲಿಯೇ ಸ್ಥಾನ ಪಡೆದಿದೆಯಾದರೆ, ಅದರ ಹಿಂದೆ ಕದ್ರಿ ಗೋಪಾಲನಾಥರ ಸಾಧನೆಯಿದೆ. ೧೯೪೯ರಲ್ಲಿ ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ ನಾಗಸ್ವರ ವಿದ್ವಾಂಸರ ಮಗನಾಗಿ ಹುಟ್ಟಿದ ಅವರು, ಮೈಸೂರು ಅರಮನೆಯ ವಾದ್ಯವೃಂದದಲ್ಲಿ ಸ್ಯಾಕ್ಸೊಫೋನಿನ ಧ್ವನಿಯನ್ನು ಕೇಳಿ ಮನಸೋತರು. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರರಲ್ಲಿಯೂ, ಬಳಿಕ ಚೆನ್ನೈಯಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಶಿಕ್ಷಣ ಪಡೆದು, ಗಮಕಗಳಿಗೆ ಒಗ್ಗದ ಆ ಪರದೇಶದ ವಾದ್ಯವನ್ನು ದೀರ್ಘಕಾಲದ ಅಭ್ಯಾಸದಿಂದ ಕರ್ನಾಟಕ ಸಂಗೀತಕ್ಕೆ ಪಳಗಿಸಿದರು. ೧೯೯೪ರಲ್ಲಿ ಲಂಡನ್ನಿನ ಪ್ರಸಿದ್ಧ ಬಿ. ಬಿ. ಸಿ. ಪ್ರೋಮ್ಸ್ ಉತ್ಸವದಲ್ಲಿ ನುಡಿಸಿದರು; ೨೦೦೪ರಲ್ಲಿ ಪದ್ಮಶ್ರೀ ಪಡೆದರು; ೨೦೧೯ರ ಅಕ್ಟೋಬರ್ ೧೧ರಂದು ಮಂಗಳೂರಿನಲ್ಲಿ ನಿಧನ ಹೊಂದಿದರು. ರಾಗದ ಒಂದು ಉದ್ದದ ಸಂಚಾರವನ್ನು ಒಂದೇ ಉಸಿರಿನಲ್ಲಿ ನಡೆಸುವ ಇಂಥ ವಾದಕರ ಕೆಲಸವನ್ನು ನೋಡಿದರೆ, ಸಂಗೀತದಲ್ಲಿ ಉಸಿರಿನ ಸ್ಥಾನವೇನೆಂಬುದು ಬೇರೆ ವಿವರಣೆಯಿಲ್ಲದೆ ತಿಳಿಯುತ್ತದೆ. ಆದರೆ ಚಿಂತೆ ಇಳಿಯುವುದಕ್ಕೆ ಅಂಥ ಸಿದ್ಧಿಯೇನೂ ಬೇಕಾಗಿಲ್ಲ. ಕೊಳಲಿನಲ್ಲಿ ಮೂರು ಸ್ವರ ಹಿಡಿಯಬಲ್ಲವನಿಗೂ ಉಸಿರು ಉದ್ದವಾಗುತ್ತದೆ.

ಒಟ್ಟಿಗೆ ಹಾಡುವುದು

ಹಲವರು ಕೂಡಿ ಹಾಡುವಾಗ ಉಸಿರು ತೆಗೆದುಕೊಳ್ಳುವ ಕ್ಷಣಗಳು ಸಾಲುಗಳ ಕೊನೆಯಲ್ಲಿ ಎಲ್ಲರಿಗೂ ಒಂದೇ ಆಗುತ್ತವೆ. ಉಸಿರು ಒಂದಾದರೆ ಮೇಲೆ ಹೇಳಿದ ಕಾರಣದಿಂದ ಹೃದಯಗಳ ಏರಿಳಿತವೂ ಒಂದಾಗಬೇಕು. ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಬ್ಯೋರ್ನ್ ವಿಕ್‌ಹಾಫ್ ಮತ್ತು ಸಂಗಡಿಗರು ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೀಗೆಯೇ ಕಂಡುಬಂದಿತು: ಒಟ್ಟಿಗೆ ಹಾಡಿದ ಹದಿನೆಂಟು ವರ್ಷದ ವಿದ್ಯಾರ್ಥಿಗಳ ಹೃದಯದ ವೇಗಗಳು ಒಟ್ಟಿಗೇ ಏರಿ ಒಟ್ಟಿಗೇ ಇಳಿದವು.

ಚಿಂತೆಯು ಮನುಷ್ಯನನ್ನು ಒಂಟಿಯಾಗಿಸುತ್ತದೆ. ತನ್ನ ಕಷ್ಟ ತನಗೊಬ್ಬನಿಗೇ ಎಂದು ತೋರುತ್ತದೆ. ಕೂಡಿ ಹಾಡುವಲ್ಲಿ ಆ ಭಾವನೆ ಸ್ವಲ್ಪವಾದರೂ ಸಡಿಲುವುದು. ಮಂಗಳೂರಿನಲ್ಲಿ ೧೯೮೬ರಲ್ಲಿ ಆರಂಭವಾದ ‘ಮಾಂಡ್ ಸೊಭಾಣ್’ ಎಂಬ ಕೊಂಕಣಿ ಸಂಸ್ಥೆಯು ೨೦೦೮ರ ಜನವರಿ ೨೬ ಮತ್ತು ೨೭ರಂದು ೪೦ ಗಂಟೆಗಳ ಕಾಲ ನಿಲ್ಲದೆ ಕೊಂಕಣಿ ಹಾಡುಗಳನ್ನು ಹಾಡಿಸಿ ಗಿನ್ನೆಸ್ ದಾಖಲೆಗೆ ಸೇರಿತು. ದಾಖಲೆಯ ಮಾತು ಹಾಗಿರಲಿ. ಒಂದು ಊರಿನಲ್ಲಿ ಅಷ್ಟು ಹೊತ್ತು ಸರದಿಯಲ್ಲಿ ಹಾಡಬಲ್ಲಷ್ಟು ತಂಡಗಳಿದ್ದವೆಂಬುದೇ ಗಮನಿಸತಕ್ಕ ವಿಷಯ. ಈ ಗಾಯಕರಲ್ಲಿ ಹೆಚ್ಚಿನವರು ವೃತ್ತಿಯಿಂದ ಸಂಗೀತಗಾರರಲ್ಲ.

ಕೇಳುವುದರಿಂದ ಏನು ಫಲ?

ಹಾಡಲು ಬಾರದವರು, ಹಾಡಲು ಸಂಕೋಚಪಡುವವರು ಬರಿಯ ಕೇಳುವಿಕೆಯಿಂದ ಫಲ ಪಡೆಯಲಾರರೇ? ಪಡೆಯಬಲ್ಲರು, ಆದರೆ ಇಲ್ಲಿ ಎಚ್ಚರಿಕೆಯಿಂದ ಮಾತನಾಡಬೇಕು. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗಳಿಗೆ ಸಂಗೀತ ಕೇಳಿಸಿದ ೨೬ ಪ್ರಯೋಗಗಳನ್ನು, ಒಟ್ಟು ೨೦೫೧ ರೋಗಿಗಳ ವಿವರಗಳನ್ನು, ೨೦೧೩ರಲ್ಲಿ ಕಾಕ್ರೇನ್ ಸಂಸ್ಥೆಯವರು ಒಟ್ಟುಗೂಡಿಸಿ ಪರಿಶೀಲಿಸಿದರು. ಕಳವಳವನ್ನು ೨೦ರಿಂದ ೮೦ ಅಂಕಗಳವರೆಗೆ ಅಳೆಯುವ ಮಾಪನದಲ್ಲಿ ಸಂಗೀತ ಕೇಳಿದವರಿಗೆ ಸರಾಸರಿ ಸುಮಾರು ೫.೭ ಅಂಕಗಳಷ್ಟು ಇಳಿಕೆ ಕಂಡಿತು. ದೊಡ್ಡ ಇಳಿಕೆಯಲ್ಲ, ಆದರೆ ಖರ್ಚಿಲ್ಲದ, ಅಪಾಯವಿಲ್ಲದ ಉಪಾಯಕ್ಕೆ ಸಣ್ಣದೂ ಅಲ್ಲ.

ಇನ್ನೊಂದು ಪ್ರಯೋಗ ನಮ್ಮ ಉತ್ಸಾಹಕ್ಕೆ ಕಡಿವಾಣ ಹಾಕುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಮಿರಿಯಂ ಥೋಮಾ ಮತ್ತು ಸಂಗಡಿಗರು ೬೦ ಮಂದಿ ಸ್ತ್ರೀಯರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಸಂಗೀತವನ್ನೂ ಒಂದಕ್ಕೆ ಹರಿಯುವ ನೀರಿನ ಸದ್ದನ್ನೂ ಕೇಳಿಸಿ, ಇನ್ನೊಂದನ್ನು ಸುಮ್ಮನೆ ಕೂರಿಸಿ, ಬಳಿಕ ಅಪರಿಚಿತರ ಎದುರು ಮಾತನಾಡುವ, ಲೆಕ್ಕ ಮಾಡುವ ಕಠಿನ ಪರೀಕ್ಷೆಗೆ ಒಡ್ಡಿದರು. ಫಲಿತಾಂಶ ೨೦೧೩ರಲ್ಲಿ ಪ್ರಕಟವಾಯಿತು. ಸಂಗೀತ ಕೇಳಿದವರ ನರಮಂಡಲ ಪರೀಕ್ಷೆಯ ನಂತರ ಬೇಗ ಚೇತರಿಸಿಕೊಂಡಿತು. ಆದರೆ ಕಾರ್ಟಿಸಾಲ್ ಅತಿ ಕಡಿಮೆ ಇದ್ದುದು ನೀರಿನ ಸದ್ದನ್ನು ಕೇಳಿದವರಲ್ಲಿ. ಸಂಗೀತವು ಎಲ್ಲ ಬೀಗಗಳಿಗೂ ಸಲ್ಲುವ ಕೀಲಿಕೈಯಲ್ಲವೆಂದು ಇದರಿಂದ ತಿಳಿಯಬೇಕು.

ಯಾವ ಸಂಗೀತ, ಹೇಗೆ ಕೇಳಬೇಕು ಎಂಬುದೂ ಮುಖ್ಯ. ಮೇಲೆ ಹೇಳಿದ ಬರ್ನಾರ್ಡಿಯವರೇ ೨೦೦೬ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಕೇಳುಗರ ಉಸಿರು ಮತ್ತು ಹೃದಯದ ಬಡಿತಗಳು ಸಂಗೀತದ ಶೈಲಿಗಿಂತ ಹೆಚ್ಚಾಗಿ ಅದರ ವೇಗವನ್ನು ಅನುಸರಿಸಿದವು. ದ್ರುತಗತಿ ಅವುಗಳನ್ನು ಏರಿಸಿತು. ಎಲ್ಲಕ್ಕಿಂತ ಹೆಚ್ಚಿನ ಶಾಂತಿ ದೊರೆತುದು ಸಂಗೀತದ ನಡುವೆ ಬಿಟ್ಟ ಎರಡು ನಿಮಿಷಗಳ ಮೌನದಲ್ಲಿ! ಹಾಡು ನಿಂತ ಮೇಲೆ ಒಡನೆಯೇ ಎದ್ದು ಹೋಗದೆ ಕಣ್ಣುಮುಚ್ಚಿ ಕುಳಿತಿರುವುದು ಒಳ್ಳೆಯದೆಂಬುದಕ್ಕೆ ಇದೊಂದು ಆಧಾರ.

ಸಂತೋಷದ ಪಾಲನ್ನೂ ಮರೆಯಬಾರದು. ಕೆನಡದ ಮಾಂಟ್ರಿಯಲ್ ನಗರದಲ್ಲಿ ವಲೋರಿ ಸಲಿಂಪೂರ್ ಮತ್ತು ಸಂಗಡಿಗರು, ತಮಗೆ ಅಚ್ಚುಮೆಚ್ಚಿನ ಸಂಗೀತ ಕೇಳಿ ಮೈನವಿರೇಳುವವರ ಮಿದುಳನ್ನು ಪರೀಕ್ಷಿಸಿ ೨೦೧೧ರಲ್ಲಿ ವರದಿ ಮಾಡಿದರು. ಮಿದುಳಿನ ಆಳದಲ್ಲಿ ಡೋಪಮೀನ್ ಎಂಬ ರಾಸಾಯನಿಕವು ಎರಡು ಹಂತಗಳಲ್ಲಿ ಬಿಡುಗಡೆಯಾಗುತ್ತಿತ್ತು: ಮೆಚ್ಚಿನ ಘಟ್ಟ ಬರುವುದನ್ನು ನಿರೀಕ್ಷಿಸುವಾಗ ಒಂದೆಡೆ, ಅದು ಬಂದಾಗ ಇನ್ನೊಂದೆಡೆ. ಚಿಂತೆಯೂ ಮುಂದೆ ಬರುವುದರ ನಿರೀಕ್ಷೆಯೇ. ಆದರೆ ಅದು ಕೆಡುಕಿನ ನಿರೀಕ್ಷೆ. ಪಲ್ಲವಿಗೆ ಮರಳುವುದನ್ನು ಕಾಯುವ ಕಿವಿಯಾದರೋ ಒಳಿತನ್ನು ನಿರೀಕ್ಷಿಸುವ ಅಭ್ಯಾಸ ಮಾಡುತ್ತಿರುತ್ತದೆ.

ಸಂಗೀತವೇ ಚಿಂತೆಯಾದಾಗ

ಇಷ್ಟು ಹೇಳಿದ ಮೇಲೆ ಒಂದು ಅಪ್ರಿಯವಾದ ಸಂಗತಿಯನ್ನೂ ಹೇಳಬೇಕು. ಇಂದು ಅನೇಕ ಮನೆಗಳಲ್ಲಿ ಸಂಗೀತವು ಚಿಂತೆಯನ್ನು ಇಳಿಸುವ ಬದಲು ಏರಿಸುತ್ತಿದೆ. ಮಗುವನ್ನು ಪಾಠಕ್ಕೆ ಕಳುಹಿಸಿದ ಮೊದಲ ತಿಂಗಳಿನಲ್ಲಿಯೇ ‘ಜೂನಿಯರ್ ಪರೀಕ್ಷೆ ಯಾವಾಗ?’ ಎಂಬ ಪ್ರಶ್ನೆ ಏಳುತ್ತದೆ. ಸ್ಪರ್ಧೆ, ಬಹುಮಾನ, ವೇದಿಕೆ, ಚಿತ್ರೀಕರಣ, ನೆರೆಮನೆಯ ಮಗುವಿನೊಡನೆ ಹೋಲಿಕೆ ಇವೆಲ್ಲ ಒಂದರ ಹಿಂದೆ ಒಂದಾಗಿ ಬರುತ್ತವೆ. ಆಗ ಹಾಡುತ್ತಿರುವ ಮಗುವಿನ ಒಳಗೆ ಇನ್ನೊಂದು ಧ್ವನಿ ಏಳುತ್ತದೆ: ‘ತಪ್ಪಿದರೆ? ಅಮ್ಮ ಏನೆಂದಾರು?’ ಇದು ಮತ್ತೆ ಆ ಹಳೆಯ ಒಳನುಡಿಯೇ. ಸ್ವರ ಬರೆಯಬೇಕಾದ ಸ್ಲೇಟಿನ ಮೇಲೆ ಚಿಂತೆ ಬರೆಯಲಾರಂಭಿಸುತ್ತದೆ. ಸ್ವರ ನಿಜವಾಗಿಯೂ ತಪ್ಪುತ್ತದೆ. ಜಗತ್ಪ್ರಸಿದ್ಧ ಚೆಲ್ಲೋ ವಾದಕ ಪಾಬ್ಲೊ ಕಸಾಲ್ಸನನ್ನೂ ವೇದಿಕೆಯ ಅಂಜಿಕೆ ಜೀವಮಾನವಿಡೀ ಬಿಡಲಿಲ್ಲ. ಹಾಗಿರುವಲ್ಲಿ ಹತ್ತು ವರ್ಷದ ಮಗುವಿನ ಪಾಡೇನು?

ಪರೀಕ್ಷೆಗಳು ಬೇಡವೆಂದಲ್ಲ. ವಿದ್ವಾಂಸರಾಗಬೇಕಾದವರಿಗೆ ಶಿಸ್ತೂ ಅಳತೆಗೋಲೂ ಅವಶ್ಯ. ಆದರೆ ದಿನದಲ್ಲಿ ಸ್ವಲ್ಪ ಹೊತ್ತಾದರೂ ಯಾರೂ ಅಂಕ ಕೊಡದ, ಯಾರೂ ತಿದ್ದದ ಸಂಗೀತ ಮಗುವಿಗೂ ಹಿರಿಯರಿಗೂ ಇರಬೇಕು. ಭಜನೆಯ ಹಿರಿಮೆ ಇದರಲ್ಲಿಯೇ ಇದೆ. ಅಲ್ಲಿ ಒಡಕು ಕಂಠಕ್ಕೂ ಸ್ಥಾನವುಂಟು. ಶ್ರುತಿ ತಪ್ಪಿದವನನ್ನು ಉಳಿದ ಇಪ್ಪತ್ತು ಕಂಠಗಳು ತಮ್ಮೊಳಗೆ ಸೇರಿಸಿಕೊಂಡು ಮುಂದೆ ಹೋಗುತ್ತವೆ. ತಪ್ಪಿನ ಭಯವಿಲ್ಲದೆಡೆ ಒಳನುಡಿಗೆ ವಿಷಯವೇ ಇರುವುದಿಲ್ಲ.

ಆಚರಣೆಗೆ ಕೆಲವು ಮಾತುಗಳು

ಮೇಲಿನ ವಿಚಾರಗಳಿಂದ ದಿನಬಳಕೆಗೆ ಸಿಗುವ ಸೂತ್ರಗಳನ್ನು ಹೀಗೆ ಸಂಗ್ರಹಿಸಬಹುದು.

೧. ಚಿಂತೆಗೆ ಒಂದು ಹೊತ್ತನ್ನು ಗೊತ್ತುಮಾಡಿರಿ. ದಿನವೂ ಒಂದೇ ಸ್ಥಳದಲ್ಲಿ, ಒಂದೇ ವೇಳೆಯಲ್ಲಿ ಅರ್ಧ ಗಂಟೆ ಚಿಂತೆಗೆಂದೇ ಮೀಸಲಿಟ್ಟು, ಉಳಿದ ವೇಳೆ ಬಂದ ಚಿಂತೆಯನ್ನು ಆ ಹೊತ್ತಿಗೆ ಮುಂದೂಡುವ ಕ್ರಮವನ್ನು ಬೋರ್ಕೊವೆಕ್ ಮತ್ತು ಸಂಗಡಿಗರು ೧೯೮೩ರಲ್ಲಿ ಪರೀಕ್ಷಿಸಿ, ಫಲಕಾರಿಯೆಂದು ಕಂಡರು. ಆ ಅರ್ಧ ಗಂಟೆಯಲ್ಲಿ ಕಾಗದ ಲೇಖನಿ ಹಿಡಿದು, ಚಿಂತೆಯಲ್ಲಿ ಯೋಚನೆಯ ಅಂಶವೆಷ್ಟಿದೆಯೋ ಅಷ್ಟನ್ನು ಬೇರ್ಪಡಿಸಿ ಬರೆದುಕೊಳ್ಳಿರಿ. ಅದು ಮುಗಿದೊಡನೆ ಹಾಡಿಗೋ ವಾದ್ಯಕ್ಕೋ ಕುಳಿತುಕೊಳ್ಳಿರಿ.

೨. ಸಂಪೂರ್ಣ ಬಾಯಿಪಾಠವಾದ ಹಾಡಿಗಿಂತ ತುಸು ಗಮನ ಬೇಡುವ ಹಾಡನ್ನು ಆರಿಸಿರಿ. ಹಳೆಯ ಹಾಡೇ ಆದರೆ ಕೈಯಿಂದ ತಾಳ ಹಾಕುತ್ತ ಹಾಡಿರಿ. ತೀರ ಕಠಿನವಾದುದೂ ಬೇಡ. ಸೋಲು ಹೊಸ ಚಿಂತೆಗೆ ದಾರಿ.

೩. ನಿಧಾನವಾದ ಗತಿಯಿರಲಿ, ಸಾಲು ಉದ್ದವಾಗಿರಲಿ. ಉಸಿರನ್ನು ಬಲವಂತದಿಂದ ಹಿಡಿಯಬಾರದು. ಸಾಲು ಮುಗಿಯುವವರೆಗೆ ಅದು ತಾನಾಗಿಯೇ ಹರಿಯಲಿ.

೪. ವಾರಕ್ಕೊಮ್ಮೆಯಾದರೂ ಇತರರೊಡನೆ ಕೂಡಿ ಹಾಡಿರಿ. ದೇವರ ಹಾಡೇ ಆಗಬೇಕೆಂದಿಲ್ಲ. ಭಾವಗೀತೆಯೂ ಜನಪದ ಗೀತೆಯೂ ಶ್ವಾಸಕೋಶಕ್ಕೆ ಅಷ್ಟೇ ಹಿತ.

೫. ಮುಗಿದ ಮೇ��ೆ ಎರಡು ನಿಮಿಷ ಸುಮ್ಮನಿರಿ.

೬. ‘ಚಿಂತೆ ಹೋಯಿತೇ?’ ಎಂದು ನಡುನಡುವೆ ಪರೀಕ್ಷಿಸಬೇಡಿರಿ. ಹಾಗೆ ನೋಡುವುದೆಂದರೆ ಬಿಳಿಯ ಕರಡಿಗೆ ಕಾವಲು ಕೂತಂತೆಯೇ ಸರಿ.

ಸಂಗೀತದ ಎಲ್ಲೆ

ಕೊನೆಯದಾಗಿ ಸಂಗೀತದ ಎಲ್ಲೆಯನ್ನು ಅರಿತಿರುವುದು ಕ್ಷೇಮ. ತಿಂಗಳುಗಟ್ಟಲೆ ನಿದ್ರೆಯಿಲ್ಲದಿರುವುದು, ಎದೆ ಹೊಡೆದುಕೊಳ್ಳುವುದು, ಉದ್ಯೋಗವನ್ನೂ ಮನೆವಾರ್ತೆಯನ್ನೂ ನಡೆಸಲಾಗದಿರುವುದು, ಬದುಕೇ ಬೇಡವೆನಿಸುವುದು ಇವು ಚಿಂತೆಯ ಎಲ್ಲೆಯನ್ನು ದಾಟಿ ರೋಗವಾದುದರ ಲಕ್ಷಣಗಳು. ಇಂಥವರಿಗೆ ‘ಎರಡು ಭಜನೆ ಹೇಳು, ಸರಿಹೋಗುತ್ತದೆ’ ಎನ್ನುವುದು ಮೂಳೆ ಮುರಿದವನಿಗೆ ನಡೆದಾಡಲು ಹೇಳಿದಂತೆ. ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಕೇಂದ್ರ ಸರಕಾರವು ೨೦೨೨ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಸಹಾಯವಾಣಿಗೆ ೧೪೪೧೬ ಸಂಖ್ಯೆಯಲ್ಲಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಸಂಗೀತಕ್ಕೂ ಮಿದುಳಿಗೂ ಇರುವ ಸಂಬಂಧದ ಅಧ್ಯಯನವೂ ನಡೆದಿದೆ. ಅಲ್ಲಿಯೂ ಸಂಗೀತವನ್ನು ಔಷಧದ ಜೊತೆಗಾರನೆಂದು ನೋಡುವರೇ ಹೊರತು ಔಷಧದ ಬದಲಿಯೆಂದಲ್ಲ.

ಹಾಡಿದುದರಿಂದ ಸಾಲ ತೀರುವುದಿಲ್ಲ, ಫಲಿತಾಂಶ ಬದಲಾಗುವುದಿಲ್ಲ. ಆದರೆ ಅರ್ಧ ಗಂಟೆ ತಾಳ ಹಿಡಿದು ಕುಳಿತು ಎದ್ದವನ ಉಸಿರು ನಿಧಾನವಾಗಿರುತ್ತದೆ, ರಾತ್ರಿ ಅವನಿಗೆ ಒಂದಿಷ್ಟು ನಿದ್ರೆ ಹತ್ತುತ್ತದೆ, ಬೆಳಗ್ಗೆ ಸಾಲದ ಲೆಕ್ಕವನ್ನು ಎದುರಿಗಿಟ್ಟುಕೊಂಡು ಯೋಚಿಸುವಷ್ಟು ಸ್ಲೇಟು ಖಾಲಿಯಿರುತ್ತದೆ. ಚಿಂತೆಯ ಜಾಗದಲ್ಲಿ ಯೋಚನೆ ಬಂದು ಕುಳಿತುಕೊಳ್ಳಲು ಅಷ್ಟು ಸಾಕು.